ಹೊತ್ತಿಗೆ ಬಾರದ ಆರು ಕಂಟೇನರ್: ಕಾರ್ಕಳ ಸೀಮೆಯ ಒಂದು ಗೇರುಬೀಜ ಕಾರ್ಖಾನೆಯ ಪ್ರಕರಣ

2024ರ ಫೆಬ್ರವರಿಯಲ್ಲಿ ಕಾರ್ಕಳ ಸೀಮೆಯ ಒಂದು ಗೇರುಬೀಜ ಕಾರ್ಖಾನೆಯು ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನಿಂದ ಹತ್ತು ಕಂಟೇನರ್ ಕಚ್ಚಾ ಬೀಜ ತರಿಸಲು ಅಲ್ಲಿನ ಒಬ್ಬ ವ್ಯಾಪಾರಿಯೊಡನೆ ಒಪ್ಪಂದ ಮಾಡಿಕೊಂಡಿತು. ಮಳೆಗಾಲ ಹಿಡಿಯುವ ಮೊದಲು, ಅಂದರೆ ಮೇ 20ರೊಳಗೆ, ಹತ್ತೂ ಪಣಂಬೂರಿನ ನವ ಮಂಗಳೂರು ಬಂದರಿನಲ್ಲಿ ಇಳಿಯಬೇಕಿತ್ತು. ನಾಲ್ಕು ಬಂದವು. ಉಳಿದ ಆರು ಏಕೆ ಬರಲಿಲ್ಲ, ಬಾರದಿದ್ದಾಗ ಕಾರ್ಖಾನೆ ಏನು ಮಾಡಿತು, ಅದರ ಭಾರ ಯಾರ ಮೇಲೆ ಬಿತ್ತು ಎಂಬುದನ್ನು ಇಲ್ಲಿ ವಿವರವಾಗಿ ನೋಡಿದ್ದೇನೆ.

ನಾನು ಉಡುಪಿಯಲ್ಲಿ ವಾಣಿಜ್ಯಶಾಸ್ತ್ರ ಕಲಿಸುವವನು. ಕಾರ್ಖಾನೆಯ ಮಾಲೀಕರು ಹೆಸರು ಬಿಡುವ ಷರತ್ತಿನ ಮೇಲೆ ಒಪ್ಪಂದದ ಪ್ರತಿ, ಪತ್ರವ್ಯವಹಾರ, ದಾಸ್ತಾನು ಪುಸ್ತಕ ಮತ್ತು ಹಾಜರಿ ಪುಸ್ತಕ ನಾಲ್ಕನ್ನೂ ನನ್ನ ಮುಂದಿಟ್ಟರು. ಹಾಜರಿ ಪುಸ್ತಕವನ್ನು ನಾನೇ ಕೇಳಿ ಪಡೆದೆ. ಇಂಥ ಅಧ್ಯಯನಗಳಲ್ಲಿ ಡಾಲರಿನ ಲೆಕ್ಕ ಕೊನೆಯ ಕಾಸಿನವರೆಗೆ ಸಿಗುತ್ತದೆ, ಕೂಲಿಯ ಲೆಕ್ಕ ಮಾತ್ರ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ ಎಂಬ ಅಸಮಾಧಾನ ನನಗೆ ಹಿಂದಿನಿಂದಲೂ ಇದೆ.

ಕಾರ್ಖಾನೆ ದೊಡ್ಡದಲ್ಲ. ದಿನಕ್ಕೆ 80 ಕಿಲೋದ ಐವತ್ತು ಗೋಣಿ, ಅಂದರೆ ನಾಲ್ಕು ಟನ್ ಕಚ್ಚಾ ಬೀಜವನ್ನು ಅದು ಅರಗಿಸಿಕೊಳ್ಳಬಲ್ಲದು. ಇಪ್ಪತ್ತು ಅಡಿಯ ಒಂದು ಕಂಟೇನರಿನಲ್ಲಿ ಸುಮಾರು 16 ಟನ್ ಹಿಡಿಯುವುದರಿಂದ ಒಂದು ಕಂಟೇನರ್ ಎಂದರೆ ನಾಲ್ಕು ದಿನದ ಕೆಲಸ, ಹತ್ತು ಕಂಟೇನರ್ ಎಂದರೆ ನಾಲ್ವತ್ತು ದಿನದ ಕೆಲಸ. ಬೀಜವನ್ನು ಅಂಗಳದಲ್ಲಿ ಒಣಗಿಸಿ, ಹಬೆಯಲ್ಲಿ ಬೇಯಿಸಿ, ಕಟಿಂಗ್ ಮಾಡಿ, ಬೋರ್ಮಾ ಎಂಬ ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿ, ಸಿಪ್ಪೆ ತೆಗೆದು, ಗ್ರೇಡಿಂಗ್ ಮಾಡಿ ಪ್ಯಾಕಿಂಗಿಗೆ ಕಳಿಸುವವರೆಗೆ ಸುಮಾರು 140 ಜನ ದುಡಿಯುತ್ತಾರೆ. ಅವರಲ್ಲಿ 110 ಮಂದಿ ಹೆಂಗಸರು. ಕಟಿಂಗಿನಲ್ಲಿ ಈಗ ಅರ್ಧ ಕೆಲಸ ಯಂತ್ರದ್ದು. ಆದರೂ ಯಂತ್ರ ಬಿಟ್ಟ ಸಿಪ್ಪೆಯನ್ನು ತೆಗೆಯಲು, ಬಿಳಿ ಯಾವುದು ಕಂದಿದ್ದು ಯಾವುದು ಎಂದು ಬೇರೆ ಮಾಡಲು ಕೈ ಮತ್ತು ಕಣ್ಣೇ ಬೇಕು.

ಇಂಥ ಕಾರ್ಖಾನೆಯನ್ನು ನಾವು ಸಾಮಾನ್ಯವಾಗಿ ರಫ್ತು ಉದ್ಯಮವೆಂದು ಕರೆಯುತ್ತೇವೆ. ಪಠ್ಯಪುಸ್ತಕಗಳೂ ಹಾಗೆಯೇ ಹೇಳುತ್ತವೆ, ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ಆದರೆ 2006ರ ಹೊತ್ತಿಗೆ ವಿಯೆಟ್ನಾಂ ತಿರುಳಿನ ರಫ್ತಿನಲ್ಲಿ ಭಾರತವನ್ನು ಹಿಂದಿಕ್ಕಿತು, ಮತ್ತೆ ನಾವು ಆ ಸ್ಥಾನಕ್ಕೆ ಮರಳಲಿಲ್ಲ. ಈಗ ನಮ್ಮ ತಿರುಳಿನ ಬಹುಪಾಲು ನಮ್ಮ ದೇಶದಲ್ಲಿಯೇ ಖರ್ಚಾಗುತ್ತದೆ. ಚೌತಿಯಿಂದ ದೀಪಾವಳಿಯವರೆಗಿನ ಬೇಡಿಕೆಯೇ ವರ್ಷದ ಲಾಭನಷ್ಟವನ್ನು ನಿರ್ಧರಿಸುತ್ತದೆ. ಅದೇ ಹೊತ್ತಿಗೆ, ದೇಶದಲ್ಲಿ ಬೆಳೆಯುವ ಕಚ್ಚಾ ಬೀಜ ವರ್ಷಕ್ಕೆ ಸುಮಾರು ಏಳೆಂಟು ಲಕ್ಷ ಟನ್ನಿನಷ್ಟಿದ್ದರೆ, ಈಚಿನ ವರ್ಷಗಳಲ್ಲಿ ಹತ್ತು ಲಕ್ಷ ಟನ್ನಿಗೂ ಮೀರಿ ಹೊರಗಿನಿಂದ ಬರುತ್ತಿದೆ. ಹಾಗಾಗಿ ಕಾರ್ಕಳದ ಈ ಕಾರ್ಖಾನೆ ಜಗತ್ತಿನ ವ್ಯಾಪಾರಕ್ಕೆ ಕಟ್ಟಿಬಿದ್ದಿರುವುದು ಮಾರುವ ಬಾಗಿಲಿನಲ್ಲಿ ಅಲ್ಲ, ಕೊಳ್ಳುವ ಬಾಗಿಲಿನಲ್ಲಿ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಸಂಗತಿ ಇದು.

ಸರಕಾರ ಕಟ್ಟಿಕೊಟ್ಟ ರಕ್ಷಣೆಯಾದರೋ ಬಹುಮಟ್ಟಿಗೆ ಮಾರುವ ಬಾಗಿಲಿನಲ್ಲಿದೆ. 2019ರ ಜೂನ್‌ನಲ್ಲಿ ಆಮದು ತಿರುಳಿಗೆ ಕನಿಷ್ಠ ಬೆಲೆಯನ್ನು ಕಿಲೋಗೆ ತುಂಡಿಗೆ 680, ಇಡಿಗೆ 720 ರೂಪಾಯಿ ಎಂದು ನಿಗದಿ ಮಾಡಲಾಯಿತು. ಮುಂದಿನ ತಿಂಗಳ ಬಜೆಟಿನಲ್ಲಿ ತಿರುಳಿನ ಆಮದು ಸುಂಕ ಶೇ 45ರಿಂದ ಶೇ 70ಕ್ಕೆ ಏರಿತು. ಕಚ್ಚಾ ಬೀಜದ ಮೇಲೆ 2016ರಲ್ಲಿ ಹೇರಿದ್ದ ಶೇ 5ರ ಸುಂಕ 2018ರಲ್ಲಿ ಶೇ 2.5ಕ್ಕೆ ಇಳಿದದ್ದೊಂದೇ ಕೊಳ್ಳುವ ಕಡೆಯ ಅನುಕೂಲ. ವಿಯೆಟ್ನಾಮಿನ ತಿರುಳು ನಮ್ಮ ಪೇಟೆಗೆ ನುಗ್ಗದಂತೆ ತಡೆಯಬಹುದು. ಐವರಿ ಕೋಸ್ಟಿನ ಅಬಿಜಾನ್ ಬಂದರಿನಲ್ಲಿ ಹಡಗಿಗೆ ಬೀಜ ತುಂಬುವಂತೆ ಮಾಡಲು ದೆಹಲಿಯ ಯಾವ ಅಧಿಸೂಚನೆಗೂ ಸಾಧ್ಯವಿಲ್ಲ.

ಒಪ್ಪಂದದ ವಿವರಕ್ಕೆ ಬರೋಣ. ಬೆಲೆ ಟನ್ನಿಗೆ 1,050 ಡಾಲರ್, ಮಂಗಳೂರಿನವರೆಗಿನ ಹಡಗು ಬಾಡಿಗೆ ಸೇರಿ. ಗುಣಮಟ್ಟ 47 ಪೌಂಡ್. ಈ ಪೌಂಡಿನ ಲೆಕ್ಕ ಹೊರಗಿನವರಿಗೆ ವಿಚಿತ್ರವಾಗಿ ತೋರಬಹುದು. 80 ಕಿಲೋದ ಒಂದು ಗೋಣಿಯಿಂದ ಎಷ್ಟು ಪೌಂಡ್ ಒಳ್ಳೆಯ ತಿರುಳು ಸಿಗುತ್ತದೆ ಎಂಬುದೇ ಔಟ್‌ಟರ್ನ್, ಇಡೀ ವ್ಯಾಪಾರ ನಿಂತಿರುವುದು ಅದರ ಮೇಲೆ. 47 ಪೌಂಡ್ ಎಂದರೆ 21.3 ಕಿಲೋ, ಟನ್ನಿಗೆ ಸುಮಾರು 266 ಕಿಲೋ ತಿರುಳು. 45ಕ್ಕಿಂತ ಕಡಿಮೆ ಬಂದರೆ ತಿರಸ್ಕರಿಸುವ ಹಕ್ಕು ಕೊಳ್ಳುವವನದು. ಪರೀಕ್ಷೆ ಮಂಗಳೂರಿನಲ್ಲಿ ನಡೆಯತಕ್ಕದ್ದು. ವಿವಾದವಾದರೆ ಲಂಡನ್ನಿನಲ್ಲಿ ಪಂಚಾಯಿತಿ, ಅಂದರೆ ಆರ್ಬಿಟ್ರೇಶನ್. ಹಣ ಲೆಟರ್ ಆಫ್ ಕ್ರೆಡಿಟ್ (ಬ್ಯಾಂಕು ಕೊಡುವ ಪಾವತಿಯ ಖಾತರಿ ಪತ್ರ) ಮೂಲಕ, ಪ್ರತಿ ಸಾಗಣೆಗೆ ಬೇರೆ ಬೇರೆಯಾಗಿ. ಕಾಗದದ ಮಟ್ಟಿಗೆ ಇದು ಅಚ್ಚುಕಟ್ಟಾದ ಒಪ್ಪಂದ, ಮತ್ತು ನನ್ನ ವಿದ್ಯಾರ್ಥಿಯೊಬ್ಬ ಇದನ್ನು ಬರೆದಿದ್ದರೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ.

ಕೊರತೆಯಿದ್ದದ್ದು ಕಾಗದದಲ್ಲಿ ಅಲ್ಲ, ಮಾರಿದವನ ಗೋದಾಮಿನಲ್ಲಿ. ಆತ ಫೆಬ್ರವರಿಯಲ್ಲಿ ಮಾರಿದ್ದು ತನ್ನ ಬಳಿ ಇದ್ದ ಬೀಜವನ್ನಲ್ಲ, ಮುಂದೆ ಕೊಳ್ಳಲಿದ್ದ ಬೀಜವನ್ನು. ಐವರಿ ಕೋಸ್ಟಿನಲ್ಲಿ ಕೊಯ್ಲು ಫೆಬ್ರವರಿಯಿಂದ ಜೂನ್‌ವರೆಗೆ ನಡೆಯುತ್ತದೆ. ಹಂಗಾಮಿನ ಆರಂಭದಲ್ಲಿ ಅಲ್ಲಿನ ಸರಕಾರ ರೈತನಿಗೆ ಸಿಗಬೇಕಾದ ಕನಿಷ್ಠ ಬೆಲೆ ಸಾರುತ್ತದೆ. 2024ರಲ್ಲಿ ಅದು ಕಿಲೋಗೆ 275 ಸಿಎಫ್‌ಎ ಫ್ರಾಂಕ್, ನಮ್ಮ ಲೆಕ್ಕದಲ್ಲಿ ಸುಮಾರು 38 ರೂಪಾಯಿ. ಹಿಂದಿನ ವರ್ಷದ 315ಕ್ಕಿಂತ ಅದು ಕಡಿಮೆ. 2023ರಲ್ಲಿ ಬೆಲೆ ಬಿದ್ದಿತ್ತು, ಈ ವರ್ಷವೂ ಏಳದು ಎಂದು ಮಾರುವವನೂ ಕೊಳ್ಳುವವನೂ ನಂಬಿದ್ದರು. ಆದರೆ ಬಿಸಿಲು ಹೆಚ್ಚಾಗಿ ಫಸಲು ಕೈಕೊಟ್ಟಿತು. ಏಪ್ರಿಲ್ 1ರಿಂದ ಪಕ್ಕದ ಬೆನಿನ್ ದೇಶ ಕಚ್ಚಾ ಬೀಜದ ರಫ್ತನ್ನೇ ನಿಷೇಧಿಸಿತು. ಐವರಿ ಕೋಸ್ಟ್ ಕೂಡ ತನ್ನ ಕಾರ್ಖಾನೆಗಳಿಗೆ ಮೊದಲು ಬೀಜ ಸಿಗಲಿ ಎಂದು ರಫ್ತನ್ನು ಆ ಹಂಗಾಮಿನಲ್ಲಿ ಕೆಲಕಾಲ ತಡೆಹಿಡಿಯಿತು. ವಿಯೆಟ್ನಾಮಿನ ಖರೀದಿದಾರರು ಸಿಕ್ಕಿದ್ದನ್ನು ಸಿಕ್ಕಿದ ಬೆಲೆಗೆ ಎತ್ತತೊಡಗಿದರು. ವಸಂತ ಮುಗಿಯುವ ಹೊತ್ತಿಗೆ ಮಂಗಳೂರಿನ ದಲ್ಲಾಳಿಗಳ ಬಾಯಲ್ಲಿ 1,400, 1,500 ಡಾಲರಿನ ಮಾತು ಕೇಳಿಬರುತ್ತಿತ್ತು.

ಏಪ್ರಿಲ್ 22ರಂದು ಮಾರಾಟಗಾರನ ಪತ್ರ ಬಂತು. ನಾಲ್ಕು ಕಂಟೇನರ್ ಆಗಲೇ ಸಮುದ್ರದಲ್ಲಿವೆ, ಉಳಿದದ್ದನ್ನು ಹಳೆಯ ಬೆಲೆಗೆ ಕಳಿಸಲಾರೆ, ಟನ್ನಿಗೆ 1,450 ಕೊಟ್ಟರೆ ಮಾತ್ರ ಕಳಿಸುವೆ ಎಂದು ಅದರಲ್ಲಿತ್ತು. ಆ ಹಂಗಾಮಿನಲ್ಲಿ ಇಂಥ ಪತ್ರ ಬಂದದ್ದು ಈ ಕಾರ್ಖಾನೆಗೆ ಮಾತ್ರವಲ್ಲ. ಭಾರತದಲ್ಲೂ ವಿಯೆಟ್ನಾಮಿನಲ್ಲೂ ಅನೇಕ ಕಾರ್ಖಾನೆಗಳ ಒಪ್ಪಂದಗಳು ಹೀಗೆಯೇ ಮುರಿದುಬಿದ್ದವು.

ಇಲ್ಲಿ ಸ್ವಲ್ಪ ನಿಂತು ಒಂದು ಮಾತು ಹೇಳಬೇಕು. ಈ ಪ್ರಕರಣವನ್ನು ತರಗತಿಯಲ್ಲಿ ಚರ್ಚಿಸಿದಾಗ ವಿದ್ಯಾರ್ಥಿಗಳೆಲ್ಲ ಆಫ್ರಿಕದ ದೇಶಗಳ ರಫ್ತು ನಿಷೇಧವನ್ನು ಅನ್ಯಾಯವೆಂದೇ ಖಂಡಿಸಿದರು. ನನಗೆ ಹಾಗೆನ್ನಿಸುವುದಿಲ್ಲ. ಮೊಜಾಂಬಿಕ್ ಒಂದು ಕಾಲಕ್ಕೆ ತನ್ನ ಬೀಜವನ್ನು ತಾನೇ ಸುಲಿಯುತ್ತಿತ್ತು, ಕಚ್ಚಾ ಬೀಜದ ರಫ್ತಿನ ಮೇಲೆ ತೆರಿಗೆ ಹಾಕಿ ತನ್ನ ಕಾರ್ಖಾನೆಗಳನ್ನು ಕಾಪಾಡಿಕೊಂಡಿತ್ತು. 1990ರ ದಶಕದ ನಡುವೆ ವಿಶ್ವಬ್ಯಾಂಕಿನ ಷರತ್ತಿಗೆ ಒಳಗಾಗಿ ಆ ತೆರಿಗೆಯನ್ನು ಇಳಿಸಬೇಕಾಯಿತು. ಬೀಜ ಹಡಗು ಹತ್ತಿ ಭಾರತಕ್ಕೆ ಬಂತು, ಅಲ್ಲಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಆ ವರ್ಷಗಳಲ್ಲಿ ಭಾರತದ ಪಶ್ಚಿಮ ಕರಾವಳಿಯ ಕಾರ್ಖಾನೆಗಳ ಅಂಗಳಗಳಲ್ಲಿ ಹರಡಿದ ಬೀಜದ ಒಂದು ಪಾಲು ಅಲ್ಲಿಯ ಮನೆಗಳ ಅನ್ನವಾಗಿತ್ತು. ಈಗ ಬೆನಿನ್ ಮತ್ತು ಐವರಿ ಕೋಸ್ಟ್ ಆ ಪಾಠ ಕಲಿತು ತಮ್ಮ ಹೆಂಗಸರಿಗೂ ಸಿಪ್ಪೆ ತೆಗೆಯುವ ಕೆಲಸ ಸಿಗಲಿ ಎಂದು ಬಯಸಿದರೆ, ಕಾರ್ಕಳದಲ್ಲಿ ಕುಳಿತ ನಾವು ಅದನ್ನು ತಪ್ಪೆನ್ನುವುದು ಹೇಗೆ? ಮಾತು ಮುರಿದ ವ್ಯಾಪಾರಿಯ ಮೇಲಿನ ಸಿಟ್ಟು ನ್ಯಾಯವಾದದ್ದು. ಅದನ್ನು ಆ ದೇಶದ ನೀತಿಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಮಾಲೀಕರ ಮುಂದಿದ್ದ ದಾರಿಗಳು ಕಡಿಮೆ. ಲಂಡನ್ನಿನ ಪಂಚಾಯಿತಿಗೆ ಹೋಗಬಹುದಿತ್ತು. ಆರು ಕಂಟೇನರಿನ 96 ಟನ್ನಿಗೆ ಬೆಲೆಯ ವ್ಯತ್ಯಾಸ ಟನ್ನಿಗೆ 400 ಡಾಲರಿನಂತೆ 38,400 ಡಾಲರ್ ಆಗುತ್ತದೆ. ವಕೀಲರ ಶುಲ್ಕ, ಕಾಯುವ ಕಾಲ, ತೀರ್ಪು ಬಂದ ಮೇಲೂ ಅಬಿಜಾನಿನಲ್ಲಿ ವಸೂಲಿ ಮಾಡುವ ಕಷ್ಟ ಇವನ್ನೆಲ್ಲ ಎಣಿಸಿದರೆ ಆ ದಾರಿ ಸಣ್ಣ ಕಾರ್ಖಾನೆಗೆ ತೆರೆದಿಲ್ಲವೆಂದೇ ಹೇಳಬೇಕು. ಅಂತರರಾಷ್ಟ್ರೀಯ ವ್ಯಾಪಾರದ ಕಾನೂನು ಎಲ್ಲರಿಗೂ ಒಂದೇ ಎಂದು ನಾವು ಕಲಿಸುತ್ತೇವೆ. ಹತ್ತು ಕಂಟೇನರಿನವನಿಗೂ ಸಾವಿರ ಕಂಟೇನರಿನವನಿಗೂ ಅದು ಒಂದೇ ಅಲ್ಲ ಎಂಬುದನ್ನೂ ಕಲಿಸಬೇಕು.

ಊರ ಬೀಜ ಕೊಳ್ಳಬಹುದಿತ್ತು, ಕೊಂಡರು ಕೂಡ. ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಈ ಮರ ಕಾರ್ಕಳ, ಹೆಬ್ರಿ, ಬೆಳ್ತಂಗಡಿಯ ಗುಡ್ಡಗಳಲ್ಲಿ ನಾನೂರಕ್ಕೂ ಹೆಚ್ಚು ವರ್ಷಗಳಲ್ಲಿ ನಮ್ಮದೇ ಆಗಿಹೋಗಿದೆ, ಅದರ ರುಚಿಯನ್ನು ಆಫ್ರಿಕದ ಬೀಜ ಮುಟ್ಟಲಾರದು ಎಂದು ಗ್ರೇಡಿಂಗಿನವರು ಇಂದಿಗೂ ಹೇಳುತ್ತಾರೆ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯವೂ ಉಳ್ಳಾಲದ ಕೇಂದ್ರವೂ ಒಳ್ಳೆಯ ತಳಿಗಳನ್ನು ಕೊಟ್ಟಿವೆ. ಆದರೆ ಗುಡ್ಡಗಳಲ್ಲಿ ಗೇರಿನ ಜಾಗವನ್ನು ರಬ್ಬರೂ ಅಡಿಕೆಯೂ ಹಿಡಿದಿವೆ, ಹಣ್ಣು ಹೆಕ್ಕಲು ಜನ ಸಿಗುತ್ತಿಲ್ಲ. ಎಲ್ಲ ಕಾರ್ಖಾನೆಗಳೂ ಒಮ್ಮೆಗೇ ಊರ ಬೀಜಕ್ಕೆ ಮುಗಿಬಿದ್ದ ಕಾರಣ ಅದರ ಬೆಲೆಯೂ ಏರಿತು. ಬೆಳೆಗಾರನ ಮಟ್ಟಿಗೆ ಇದು ಅಪರೂಪದ ಒಳ್ಳೆಯ ವರ್ಷವಾಯಿತೆಂಬುದನ್ನೂ ದಾಖಲಿಸಬೇಕು. ಕಾರ್ಖಾನೆಗೆ ಈ ದಾರಿಯಿಂದ ಸಿಕ್ಕಿದ್ದು ಹತ್ತು ದಿನದ ಕೆಲಸ.

ಕಡೆಗೆ ಮೇ ನಡುವೆ ಹೊಸ ಒಪ್ಪಂದವಾಯಿತು. ಟನ್ನಿಗೆ 1,400 ಡಾಲರಿನಂತೆ ಮೂರು ಕಂಟೇನರ್, ಉಳಿದ ಮೂರು ರದ್ದು. ಕಚ್ಚಾ ಬೀಜಕ್ಕೆ ಟನ್ನಿಗೆ 350 ಡಾಲರ್ ಹೆಚ್ಚಿದರೆ ಒಂದು ಕಿಲೋ ತಿರುಳಿನ ಅಸಲು ಸುಮಾರು 109 ರೂಪಾಯಿ ಏರುತ್ತದೆ. ಅದನ್ನು ತಡೆದುಕೊಳ್ಳಬಹುದಿತ್ತು, ಏಕೆಂದರೆ ತಿರುಳಿನ ಬೆಲೆಯೂ ಏರುತ್ತಿತ್ತು. ನನ್ನ ದೃಷ್ಟಿಯಲ್ಲಿ ಮಾಲೀಕರು ಎಡವಿದ್ದು ಬೆಲೆಯಲ್ಲಿ ಅಲ್ಲ, ಅದರ ಕೆಳಗಿನ ಸಾಲಿನಲ್ಲಿ. ಗುಣಮಟ್ಟದ ಪರೀಕ್ಷೆ ಮಂಗಳೂರಿನಲ್ಲಿ ಎಂದಿದ್ದ ಜಾಗದಲ್ಲಿ ಹೊಸ ಒಪ್ಪಂದವು ಹಡಗಿಗೆ ತುಂಬುವಲ್ಲಿನ ಪರೀಕ್ಷೆಯೇ ಅಂತಿಮ ಎಂದಿತ್ತು. ಅವಸರದಲ್ಲಿ ಅವರು ಅದಕ್ಕೆ ಒಪ್ಪಿದರು.

ಮೂರು ಕಂಟೇನರ್ ಪಣಂಬೂರಿಗೆ ಬಂದದ್ದು ಜುಲೈ ಮೊದಲ ವಾರ. ಕರಾವಳಿಯ ಮಳೆಗಾಲವನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್ ಕೊನೆಗೆ ಬಂದ ಬೀಜವನ್ನು ಸಿಮೆಂಟಿನ ಅಂಗಳದಲ್ಲಿ ಎರಡು ಬಿಸಿಲು ಒಣಗಿಸಿದರೆ ವರ್ಷವಿಡೀ ಇಡಬಹುದು. ಜುಲೈಯಲ್ಲಿ ಬಂದದ್ದನ್ನು ಒಣಗಿಸಲು ಬಿಸಿಲೇ ಇಲ್ಲ. ಉಕ್ಕಿನ ಪೆಟ್ಟಿಗೆಯೊಳಗೆ ಒಂದೂವರೆ ತಿಂಗಳು ಬೆವರಿದ ಬೀಜವನ್ನು ಬಾಯ್ಲರಿನ ಬಿಸಿಗಾಳಿ ಹಾಯಿಸಿ ಒಣಗಿಸುವ ಪ್ರಯತ್ನ ನಡೆಯಿತು. ಅಬಿಜಾನಿನ ಪ್ರಮಾಣಪತ್ರದಲ್ಲಿ 47 ಪೌಂಡ್ ಇದ್ದದ್ದು ಕಾರ್ಖಾನೆಯ ಮೇಜಿನ ಮೇಲೆ 43 ಬಂತು. 48 ಟನ್ನಿನಲ್ಲಿ ಅದು ಒಂದು ಟನ್ನಿಗೂ ಮಿಕ್ಕಿದ ತಿರುಳಿನ ನಷ್ಟ. ಹಳೆಯ ಒಪ್ಪಂದವಾಗಿದ್ದರೆ ಸರಕನ್ನು ತಿರಸ್ಕರಿಸಬಹುದಿತ್ತು, ಕಡಿಮೆಪಕ್ಷ ಬೆಲೆ ಕಡಿತ ಕೇಳಬಹುದಿತ್ತು. ಈಗ ಕೇಳಲು ಹಕ್ಕೇ ಉಳಿದಿರಲಿಲ್ಲ. ನಮ್ಮಲ್ಲಿ ಮಳೆಗಾಲವೆಂಬುದು ಒಪ್ಪಂದದ ಒಂದು ಕಲಮೇ ಆಗಿರಬೇಕೆಂದು ನಾನು ಈಗ ತರಗತಿಯಲ್ಲಿ ಹೇಳುತ್ತೇನೆ. ತಡವಾದ ಸರಕು ಎಂದರೆ ಬೇರೆ ಊರುಗಳಲ್ಲಿ ತಡವಾದ ಸರಕು ಮಾತ್ರ, ಇಲ್ಲಿ ಅದು ಬೇರೆಯೇ ಸರಕು.

ಈ ನಡುವೆ ಮಾರುವ ಕಡೆಯಲ್ಲೂ ಒಂದು ಗಂಟು ಬಿದ್ದಿತ್ತು. ಮಾರ್ಚಿನಲ್ಲಿ, ಹತ್ತು ಕಂಟೇನರಿನ ಭರವಸೆಯ ಮೇಲೆ, ಕಾರ್ಖಾನೆ ತನ್ನ ಹಳೆಯ ಗಿರಾಕಿಯಾದ ಕೊಲ್ಲಿ ದೇಶದ ಒಂದು ಅಂಗಡಿಗೆ 320 ಗ್ರೇಡಿನ ಇಡಿ ತಿರುಳನ್ನು ಒಂದು ಕಂಟೇನರಿನಷ್ಟು ಮಾರಿತ್ತು: 50 ಪೌಂಡಿನ 700 ಪೆಟ್ಟಿಗೆ, ಪೌಂಡಿಗೆ 2.55 ಡಾಲರ್, ಆಗಸ್ಟಿನಲ್ಲಿ ರವಾನೆ. 320 ಎಂದರೆ ಒಂದು ಪೌಂಡಿಗೆ ಸುಮಾರು ಅಷ್ಟು ಇಡಿ ಬೀಜ ತೂಗುವ ಗ್ರೇಡು. ಪೇಟೆಯಲ್ಲಿ ಅತಿ ಹೆಚ್ಚು ಓಡಾಡುವುದು ಅದೇ. ಆಗಸ್ಟಿನ ಹೊತ್ತಿಗೆ ಕಾರ್ಖಾನೆಯಲ್ಲಿ ಅಷ್ಟು 320 ಇರಲಿಲ್ಲ, ಪೇಟೆಯ ಬೆಲೆ ಮೂರು ಡಾಲರ್ ದಾಟಿತ್ತು. ಆಫ್ರಿಕದ ವ್ಯಾಪಾರಿ ತಮಗೆ ಮಾಡಿದ್ದನ್ನೇ ಮಾಲೀಕರು ತಮ್ಮ ಗಿರಾಕಿಗೆ ಮಾಡಬಹುದಿತ್ತು. ಹಾಗೆ ಮಾಡಿದವರು ಬೇಕಾದಷ್ಟು ಜನರಿದ್ದರು. ಅವರು ಮಾಡಲಿಲ್ಲ. ನೆರೆಯ ಕಾರ್ಖಾನೆಗಳಿಂದ ಕೊರತೆಯ ಸರಕನ್ನು ಪೇಟೆ ಬೆಲೆಗೆ ಕೊಂಡು, ತಮ್ಮಲ್ಲಿದ್ದದ್ದನ್ನೂ ಸೇರಿಸಿ, 700 ಪೆಟ್ಟಿಗೆಯನ್ನು ಒಪ್ಪಿದ ಬೆಲೆಗೆ, ಒಪ್ಪಿದ ದಿನ ಕಳಿಸಿದರು. ಪೌಂಡಿಗೆ 55 ಸೆಂಟಿನಂತೆ 35,000 ಪೌಂಡಿಗೆ ಹಿಡಿದರೆ ಕೈಬಿಟ್ಟ ಹಣ 19,250 ಡಾಲರ್, ಸುಮಾರು 16 ಲಕ್ಷ ರೂಪಾಯಿ. ತಂದೆಯ ಕಾಲದಿಂದ ಕೊಳ್ಳುತ್ತಿರುವವರಿಗೆ ಪತ್ರ ಬರೆದು ಬೆಲೆ ಏರಿಸಲು ಕೈ ಬರಲಿಲ್ಲ ಎಂದಷ್ಟೇ ಅವರು ನನಗೆ ಹೇಳಿದರು. ಲೆಕ್ಕಶಾಸ್ತ್ರದ ಪ್ರಕಾರ ಈ ನಿರ್ಧಾರ ಸರಿಯೇ ಎಂಬುದನ್ನು ವಾದಿಸಬಹುದು. ನಾನು ಅದನ್ನು ಗೌರವಿಸುತ್ತೇನೆ.

ಈಗ ಹಾಜರಿ ಪುಸ್ತಕ. ಜೂನ್ 10ರಿಂದ ಜುಲೈ 20ರವರೆಗೆ ಆರು ವಾರ ಕಾರ್ಖಾನೆ ವಾರಕ್ಕೆ ಮೂರು ದಿನ ಮಾತ್ರ ನಡೆಯಿತು. ಪೂರ್ತಿ ಮುಚ್ಚಿ ಕೆಲವರನ್ನು ಮನೆಗೆ ಕಳಿಸುವ ಬದಲು ಇದ್ದ ಬೀಜವನ್ನು ಎಲ್ಲರಿಗೂ ಹಂಚಿದ್ದು ಮಾಲೀಕರ ಒಳ್ಳೆಯ ನಿರ್ಧಾರ. ಆದರೂ ಪ್ರತಿಯೊಬ್ಬರಿಗೆ 18 ದಿನದ ಕೂಲಿ ಹೋಯಿತು. ಬೋನಸ್ ಲೆಕ್ಕ ಹಾಕುವುದು ವರ್ಷದ ಕೂಲಿಯ ಮೇಲಾದ್ದರಿಂದ, ಶೇ 8.33ರ ಕನಿಷ್ಠ ದರದಲ್ಲೂ ಹಬ್ಬದ ಹೊತ್ತಿಗೆ ಇನ್ನೊಂದೂವರೆ ದಿನದ ಕೂಲಿ ಕಡಿಮೆಯಾಯಿತು. ಕಾಲವನ್ನೂ ನೋಡಬೇಕು. ಜೂನ್ ಎಂದರೆ ಶಾಲೆ ಆರಂಭವಾಗುವ ತಿಂಗಳು: ಶುಲ್ಕ, ಪುಸ್ತಕ, ಕೊಡೆ. ಸಿಪ್ಪೆ ವಿಭಾಗದ ಹದಿನಾಲ್ಕು ಹೆಂಗಸರ ಗಂಡಂದಿರು ಮಲ್ಪೆಯ ಯಾಂತ್ರಿಕ ದೋಣಿಗಳಲ್ಲಿ ದುಡಿಯುವವರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಮನೆಗಳಲ್ಲಿ ಆ ಎರಡು ತಿಂಗಳು ಹೆಂಡತಿಯ ಕೂಲಿಯೇ ಮನೆಯ ಆದಾಯ. ಆ ಕೂಲಿಯೂ ಅರ್ಧಕ್ಕಿಳಿಯಿತು. ಅಬಿಜಾನಿನ ಹೆಸರನ್ನೂ ಕೇಳಿರದ ಆ ಮನೆಗಳಲ್ಲಿ ಕೆಲವು ಸಂಘದ ಸಾಲಕ್ಕೆ, ಕೆಲವು ಕಿವಿಯ ಬೆಂಡೋಲೆಗೆ ಕೈ ಹಾಕಿದವು.

ನಾನು ಮಾತಾಡಿಸಿದವರಲ್ಲಿ ಹಿರಿಯರೊಬ್ಬರು, ಇಪ್ಪತ್ತಾರು ವರ್ಷಗಳಿಂದ ಸಿಪ್ಪೆ ತೆಗೆಯುತ್ತಿರುವ ಅಕ್ಕ, ಹಿಂದೆ ಇಂಥ ನಿಲುಗಡೆ ಬಂದಾಗ ಬೀಡಿ ಕಟ್ಟಿ ದಿನ ದೂಡುತ್ತಿದ್ದೆವು, ಈಗ ಬೀಡಿಯ ಕೆಲಸವೂ ಕಡಿಮೆಯಾಗಿದೆ ಎಂದರು. ಕಾರ್ಖಾನೆಯ ನಷ್ಟದ ಬಗ್ಗೆ ಅವರಿಗೆ ಧಣಿಯ ಮೇಲೆ ದೂರಿರಲಿಲ್ಲ. ಕೆಲಸವಿಲ್ಲವೆಂಬುದನ್ನು ಹಿಂದಿನ ಸಂಜೆ ಬಸ್ಸು ಹತ್ತುವಾಗ ಹೇಳುವ ಬದಲು ಒಂದು ವಾರ ಮೊದಲೇ ಹೇಳಿದ್ದರೆ ಹತ್ತಿರದ ಗದ್ದೆಗಳಲ್ಲಿ ನೇಜಿ ನೆಡಲು ಹೋಗಬಹುದಿತ್ತು ಎಂಬುದೊಂದೇ ಅವರ ಮಾತು. ಏಪ್ರಿಲ್ 22ರ ಪತ್ರ ಕಚೇರಿಯ ಕಡತದಲ್ಲಿ ಏಳು ವಾರ ಇತ್ತು. ಅದರಲ್ಲಿದ್ದ ಸುದ್ದಿಯನ್ನು ಸಿಪ್ಪೆ ವಿಭಾಗಕ್ಕೆ ಮುಟ್ಟಿಸಬೇಕೆಂದು ಕಚೇರಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಇಡೀ ಪ್ರಕರಣದಲ್ಲಿ ಖರ್ಚಿಲ್ಲದೆ ತಪ್ಪಿಸಬಹುದಾಗಿದ್ದ ನಷ್ಟ ಇದೊಂದೇ.

2025ರ ಹಂಗಾಮಿಗೆ ಐವರಿ ಕೋಸ್ಟ್ ರೈತನ ಕನಿಷ್ಠ ಬೆಲೆಯನ್ನು ಕಿಲೋಗೆ 425 ಫ್ರಾಂಕಿಗೆ ಏರಿಸಿತು. ಮಾಲೀಕರು ಆ ಫೆಬ್ರವರಿಯಲ್ಲಿ ಹತ್ತರ ಬದಲು ಆರು ಕಂಟೇನರಿಗೆ, ಒಬ್ಬನ ಬದಲು ಇಬ್ಬರೊಡನೆ ಒಪ್ಪಂದ ಮಾಡಿಕೊಂಡರು; ಮೇ 15ರ ನಂತರ ಬಂದಿಳಿದ ಸರಕಿಗೆ ಮಂಗಳೂರಿನ ಪರೀಕ್ಷೆಯೇ ಅಂತಿಮ ಎಂಬ ಸಾಲನ್ನು ಎರಡರಲ್ಲೂ ಸೇರಿಸಿದರು. ಕೊರತೆಯನ್ನು ತಾಂಜಾನಿಯಾದಿಂದ, ಅಕ್ಟೋಬರಿನಲ್ಲಿ ಆರಂಭವಾಗುವ ಅಲ್ಲಿನ ಕೊಯ್ಲಿನಿಂದ, ತುಂಬಿಸಿಕೊಳ್ಳುವ ಯೋಚನೆ ಅವರದು. 2018ರ ನವೆಂಬರಿನಲ್ಲಿ ಅಲ್ಲಿನ ಅಧ್ಯಕ್ಷ ಮಗುಫುಲಿ ಸೈನ್ಯವನ್ನು ಇಳಿಸಿ ಇಡೀ ಫಸಲನ್ನು ಸರಕಾರವೇ ಕಿಲೋಗೆ 3,300 ಶಿಲ್ಲಿಂಗಿಗೆ ಕೊಳ್ಳುವುದೆಂದು ಸಾರಿದ್ದನ್ನು ನಾನು ನೆನಪಿಸಿದೆ. ಅವರಿಗೂ ಅದು ಚೆನ್ನಾಗಿ ನೆನಪಿತ್ತು.

ಸಿಪ್ಪೆ ವಿಭಾಗದ ಹನ್ನೊಂದು ಜನ ಆ ಮಳೆಗಾಲದ ನಂತರ ಮರಳಿ ಬರಲಿಲ್ಲ. ಏಳು ಜಾಗಗಳಿಗೆ ಒಡಿಶಾದಿಂದ ಬಂದ ಹೆಣ್ಣುಮಕ್ಕಳು ಸೇರಿದ್ದಾರೆ, ನಾಲ್ಕು ಇನ್ನೂ ಖಾಲಿ ಇವೆ. ಬಂದರಿನಿಂದ ಹೊರಟ ಕಂಟೇನರುಗಳ ತಾರೀಕನ್ನು ಬರೆದ ಒಂದು ಕಪ್ಪು ಹಲಗೆ ಈಗ ಕಚೇರಿಯ ಒಳಗಲ್ಲದೆ ಊಟದ ಕೋಣೆಯ ಗೋಡೆಯ ಮೇಲೂ ಇದೆ. ಅದನ್ನು ಪ್ರತಿ ಸೋಮವಾರ ಬೆಳಿಗ್ಗೆ ರೈಟರ್ ಬಂದು ತಿದ್ದುತ್ತಾರೆ.